ತಾಯಿಯ ಹಾಲು ಸಾಲದೆ?

ತುಮಕೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ಗುಬ್ಬಿಯನ್ನು ದಾಟಿದ ಮೇಲೆ ನಿಟ್ಟೂರು ಸಿಗುತ್ತದೆ. ತೆಂಗು, ಅಡಿಕೆ, ರಾಗಿಗಳ ಸೀಮೆ. ಹೊಯ್ಸಳರ ಕಾಲದ ಜೈನ ಬಸದಿಯೊಂದನ್ನು ಉಳಿಸಿಕೊಂಡಿರುವ ಹಳೆಯ ಊರು. ಇಲ್ಲಾಗಲಿ, ಸುತ್ತಣ ಹಳ್ಳಿಗಳಲ್ಲಾಗಲಿ ಹೆರಿಗೆಯಾದ ಮನೆಗೆ ಕೂಸನ್ನು ನೋಡಲು ಬಂದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಗಂಡೋ ಹೆಣ್ಣೋ, ಹೆರಿಗೆ ಸುಸೂತ್ರವಾಯಿತೋ, ಆಮೇಲೆ, “ಹಾಲು ಸಾಕಾಯ್ತದೇನವ್ವ?” ಕೇಳುವವರಲ್ಲಿ ಕೆಟ್ಟ ಭಾವನೆಯೇನೂ ಇರುವುದಿಲ್ಲ. ಆದರೆ ಹೆತ್ತು ಮೂರೇ ದಿನಗಳಾಗಿರುವ, ನಿದ್ರೆಗೆಟ್ಟ, ಮೊದಲನೆಯ ಕೂಸನ್ನು ಎತ್ತಿಕೊಳ್ಳಲು ಇನ್ನೂ ಕಲಿಯುತ್ತಿರುವ ಹುಡುಗಿಯ ಮನಸ್ಸಿನಲ್ಲಿ ಈ ಪ್ರಶ್ನೆ ನೆಟ್ಟುಹೋಗುತ್ತದೆ. ಕೂಸು ಅತ್ತಾಗಲೆಲ್ಲ ಅವಳಿಗೆ ಅದೇ ನೆನಪು. ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆಯವರೆಲ್ಲ ಕೂಡಿ ತೀರ್ಮಾನಿಸಿಬಿಡುತ್ತಾರೆ: ತಾಯಿಗೆ ಹಾಲು ಸಾಲದು, ಮೇಲುಹಾಲು ಹಾಕಬೇಕು.

ಲೋಕದ ಬೇರೆ ಬೇರೆ ದೇಶಗಳಲ್ಲಿ, ಹಾಲೂಡಿಸುವುದನ್ನು ಬೇಗ ನಿಲ್ಲಿಸಿದ ತಾಯಂದಿರನ್ನು ಕಾರಣವೇನೆಂದು ಕೇಳಿದಾಗ ಬರುವ ಉತ್ತರಗಳಲ್ಲಿ ಮುಖ್ಯವಾದುದು ಇದೇ: “ಹಾಲು ಸಾಲದಾಯಿತು.” ಆದರೆ ಹಾಲನ್ನು ಅಳೆದು ನೋಡಿದ ವಿಜ್ಞಾನಿಗಳಿಗೆ ಬಹುಪಾಲು ತಾಯಂದಿರಲ್ಲಿ ಅಂತಹ ಕೊರತೆ ಕಂಡುಬರಲಿಲ್ಲ. ಹಾಗಾದರೆ ತಾಯಂದಿರು ಹೇಳುವುದು ಸುಳ್ಳೆ? ಅದೂ ಅಲ್ಲ. ಮೊದಲು ಇಲ್ಲದಿದ್ದ ಕೊರತೆ, ಇದೆಯೆಂದು ನಂಬಿ ನಡೆದುದರಿಂದಲೇ ಕೆಲವು ವಾರಗಳಲ್ಲಿ ನಿಜವಾಗಿಬಿಡುತ್ತದೆ. ಈ ವಿಚಿತ್ರವು ಹೇಗೆ ಸಂಭವಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಹಾಲು ಹುಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಒತ್ತಡ, ಹರಿವು, ಬೇಡಿಕೆಗೆ ತಕ್ಕ ಪೂರೈಕೆ, ಇವೆಲ್ಲ ನಮ್ಮ ಪಾಠಗಳೇ ಎಂಬುದು ಮುಂದೆ ಸ್ಪಷ್ಟವಾಗುವುದು.

ಕೆರೆಯೋ, ಬಾವಿಯೋ?

ಎದೆಯಲ್ಲಿ ಹಾಲು ತುಂಬಿರುತ್ತದೆ, ಕೂಸು ಕುಡಿದಷ್ಟೂ ಅದು ತೀರುತ್ತದೆ, ಆದುದರಿಂದ ಸ್ವಲ್ಪ ಹೊತ್ತು ಬಿಟ್ಟು ತುಂಬಿಸಿಕೊಂಡು ಕುಡಿಸಬೇಕು ಎಂಬ ಕಲ್ಪನೆ ನಮ್ಮ ಜನರಲ್ಲಿ ಬಲವಾಗಿದೆ. ಇದು ಕೆರೆಯ ಕಲ್ಪನೆ. ಮಳೆಗಾಲದಲ್ಲಿ ತುಂಬಿದ ಕೆರೆಯ ತೂಬನ್ನು ಎತ್ತಿದಷ್ಟೂ ನೀರು ಕಡಿಮೆಯಾಗುತ್ತದೆ. ಉಳಿಸಿಕೊಳ್ಳಬೇಕಾದರೆ ತೂಬನ್ನು ಮುಚ್ಚಬೇಕು. ಆದರೆ ತಾಯಿಯ ಎದೆ ಕೆರೆಯಲ್ಲ, ಸೆಲೆಯುಳ್ಳ ಬಾವಿ. ಅಂತಹ ಬಾವಿಯ ನೀರು ಸುತ್ತಣ ಭೂಮಿಯ ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಊರುವುದು ನಿಂತಂತೆಯೇ. ನೀರನ್ನು ಸೇದಿದೊಡನೆ ಒಳಗಿನ ಮಟ್ಟ ತಗ್ಗುತ್ತದೆ, ಒಳಹೊರಗಿನ ಮಟ್ಟಗಳ ವ್ಯತ್ಯಾಸ ಹೆಚ್ಚುತ್ತದೆ, ಸೆಲೆಯಿಂದ ನೀರು ರಭಸವಾಗಿ ಬರುತ್ತದೆ. ಸೇದದೆ ಬಿಟ್ಟ ಬಾವಿಯ ಸೆಲೆ ಕಾಲಕ್ರಮದಲ್ಲಿ ಹೂಳಿನಿಂದ ಮುಚ್ಚಿಹೋಗುವುದೂ ಉಂಟು.

ಎದೆಯೊಳಗೆ ನಡೆಯುವ ಕೆಲಸವೂ ಇದನ್ನೇ ಹೋಲುತ್ತದೆ. ಸ್ತನದಲ್ಲಿ ದ್ರಾಕ್ಷಿಯ ಗೊಂಚಲುಗಳಂತೆ ಅತಿ ಸಣ್ಣ ಚೀಲಗಳಿರುತ್ತವೆ. ಈ ಚೀಲಗಳ ಒಳಗೋಡೆಯ ಜೀವಕೋಶಗಳು ರಕ್ತದಿಂದ ನೀರು, ಸಕ್ಕರೆ, ಕೊಬ್ಬಿನ ಆಮ್ಲ ಮುಂತಾದುವನ್ನು ಹೀರಿಕೊಂಡು ಹಾಲನ್ನು ತಯಾರಿಸುತ್ತವೆ. ಗರ್ಭಿಣಿಯಾಗಿರುವಾಗಲೇ ಈ ಕಾರ್ಖಾನೆ ಸಿದ್ಧವಾಗಿರುತ್ತದೆಯಾದರೂ, ಮಾಸಿನಿಂದ ಬರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅದನ್ನು ತಡೆದು ನಿಲ್ಲಿಸಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದೊಡನೆ ಆ ತಡೆ ತೊಲಗುತ್ತದೆ. ಎರಡರಿಂದ ನಾಲ್ಕು ದಿನಗಳೊಳಗಾಗಿ ಹಾಲು ಧಾರಾಳವಾಗಿ ಇಳಿಯುತ್ತದೆ. ಕೂಸು ಮೊಲೆಯನ್ನು ಚೀಪಿದಾಗಲೆಲ್ಲ ನರಗಳ ಮೂಲಕ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಆ ಚೀಲಗಳ ಜೀವಕೋಶಗಳಿಗೆ “ಇನ್ನಷ್ಟು ಮಾಡಿ” ಎಂದು ಅಪ್ಪಣೆ ಕೊಡುತ್ತದೆ. ಈ ಹಾರ್ಮೋನು ರಾತ್ರಿಯ ಹೊತ್ತು ಹೆಚ್ಚಾಗಿರುವುದರಿಂದ, ರಾತ್ರಿ ಹಾಲೂಡಿಸುವುದು ಕಷ್ಟವಾದರೂ ಮರುದಿನದ ಹಾಲಿಗೆ ಅದೇ ಬಂಡವಾಳ.

ಇದರ ಜೊತೆಗೆ ಎದೆಯೊಳಗೇ ಇನ್ನೊಂದು ನಿಯಂತ್ರಣವಿದೆ. ಸ್ಕಾಟ್ಲೆಂಡಿನ ಹ್ಯಾನಾ ಸಂಶೋಧನಾಲಯದಲ್ಲಿ 1980ರ ದಶಕದಲ್ಲಿ ಮೇಕೆಗಳ ಮೇಲೆ ನಡೆದ ಪ್ರಯೋಗಗಳಿಂದ ಇದು ಚೆನ್ನಾಗಿ ತಿಳಿದುಬಂದಿತು. ಮೇಕೆಯ ಕೆಚ್ಚಲಿನ ಎರಡು ಭಾಗಗಳಲ್ಲಿ ಒಂದನ್ನು ಮಾತ್ರ ದಿನಕ್ಕೆ ಒಂದು ಸಲ ಹೆಚ್ಚಾಗಿ ಕರೆದರು. ಹಾರ್ಮೋನುಗಳೊಂದೇ ಕಾರಣವಾಗಿದ್ದರೆ, ರಕ್ತ ಎರಡು ಭಾಗಗಳಿಗೂ ಒಂದೇ ಆದುದರಿಂದ, ಎರಡರಲ್ಲೂ ಹಾಲು ಹೆಚ್ಚಬೇಕಾಗಿತ್ತು. ಹೆಚ್ಚಿದುದು ಹೆಚ್ಚು ಸಲ ಕರೆದ ಭಾಗದಲ್ಲಿ ಮಾತ್ರ. ಎಂದರೆ, ಒಳಗೆ ನಿಂತ ಹಾಲೇ ಹೊಸ ಹಾಲಿನ ತಯಾರಿಕೆಯನ್ನು ತಡೆಯುತ್ತದೆ. ಖಾಲಿಯಾದಷ್ಟೂ ತಯಾರಿಕೆ ಚುರುಕಾಗುತ್ತದೆ. ಮನುಷ್ಯರಲ್ಲೂ ಹೀಗೆಯೇ. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದ ಪೀಟರ್ ಹಾರ್ಟ್‌ಮನ್ ಮತ್ತು ಅವರ ಸಂಗಡಿಗರು ಹಲವು ವರ್ಷಗಳ ಕಾಲ ನಡೆಸಿದ ಅಳತೆಗಳ ಪ್ರಕಾರ, ಒಂದರಿಂದ ಆರು ತಿಂಗಳ ಕೂಸು ದಿನಕ್ಕೆ ಸರಾಸರಿ 11 ಸಲ ಕುಡಿಯುತ್ತದೆ. ಒಂದೊಂದು ಸಲಕ್ಕೆ ಸರಾಸರಿ 76 ಗ್ರಾಂ. ದಿನವೊಂದಕ್ಕೆ ಸುಮಾರು 790 ಗ್ರಾಂ. ಆಗ ಎದೆಯಲ್ಲಿರುವ ಹಾಲಿನಲ್ಲಿ ಅದು ತೆಗೆದುಕೊಳ್ಳುವುದು ಸರಾಸರಿ ನೂರಕ್ಕೆ 67 ಪಾಲು ಮಾತ್ರ. ಉಳಿದುದನ್ನು ಬಿಟ್ಟು, ಹೊಟ್ಟೆ ತುಂಬಿತೆಂದು ಮುಖ ತಿರುಗಿಸುತ್ತದೆ. ಎಷ್ಟು ತಯಾರಾಗಬೇಕೆಂಬುದನ್ನು ಕೂಸೇ ನಿರ್ಧರಿಸುತ್ತದೆ. ಎದೆ ಅದರಂತೆ ನಡೆಯುತ್ತದೆ.

ಕೂಸಿನ ಬಾಯಿ ಎಂಬ ಯಂತ್ರ

ಕೂಸು ಹಾಲನ್ನು ಹೊರಕ್ಕೆ ತರುವುದು ಹೇಗೆ? ನಾವು ಕೊಳವೆಯಿಂದ ಎಳನೀರು ಕುಡಿಯುವಾಗ ಬಾಯೊಳಗಿನ ಒತ್ತಡವನ್ನು ತಗ್ಗಿಸುತ್ತೇವೆ. ಹೊರಗಣ ವಾಯುಮಂಡಲದ ಒತ್ತಡ ಎಳನೀರನ್ನು ಮೇಲಕ್ಕೆ ನೂಕುತ್ತದೆ. ಕೂಸು ಮಾಡುವುದೂ ಇದನ್ನೇ, ಆದರೆ ಇನ್ನೂ ಜಾಣತನದಿಂದ. ಮೊಲೆಯ ತೊಟ್ಟನ್ನು ಮಾತ್ರವಲ್ಲದೆ ಅದರ ಸುತ್ತಣ ಕಪ್ಪು ಭಾಗವನ್ನೂ ಬಾಯ್ತುಂಬ ತೆಗೆದುಕೊಂಡು, ತುಟಿಗಳಿಂದ ಗಾಳಿ ನುಸುಳದಂತೆ ಮುಚ್ಚಿ, ನಾಲಿಗೆಯನ್ನು ಕೆಳಕ್ಕೆ ಇಳಿಸುತ್ತದೆ. ಆಗ ಬಾಯಿಯೊಳಗಿನ ಒತ್ತಡ, ಹೊರಗಣ ಒತ್ತಡಕ್ಕಿಂತ ಪಾದರಸದ ಸುಮಾರು 145 ಮಿಲಿಮೀಟರುಗಳಷ್ಟು ಕಡಿಮೆಯಾಗುತ್ತದೆಂದು 2008ರಲ್ಲಿ ಇದೇ ಸಂಶೋಧಕರ ತಂಡ ಅಳೆದು ತಿಳಿಸಿತು. ಶ್ರವಣಾತೀತ ಧ್ವನಿಯ ಚಿತ್ರಗಳಲ್ಲಿ ನೋಡಿದಾಗ, ನಾಲಿಗೆ ಕೆಳಗಿಳಿದು ನಿರ್ವಾತ ಹೆಚ್ಚಾದ ಗಳಿಗೆಯಲ್ಲಿಯೇ ಹಾಲು ಹರಿಯುವುದು ಕಂಡುಬಂದಿತು.

145 ಮಿಲಿಮೀಟರ್ ಪಾದರಸವೆಂದರೆ ಎಷ್ಟು? ಪಾದರಸವು ನೀರಿಗಿಂತ 13.6 ಪಾಲು ಭಾರ. ಗುಣಿಸಿದರೆ 1,972 ಮಿಲಿಮೀಟರ್, ಎಂದರೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಮೂರು ಕಿಲೋಗ್ರಾಂ ತೂಕದ ಕೂಸಿನ ಬಾಯಿಗೆ, ನೆಲದ ಮೇಲಿನ ನೀರನ್ನು ಎತ್ತರದ ಮನುಷ್ಯನೊಬ್ಬನ ತಲೆಯ ಮಟ್ಟಕ್ಕಿಂತಲೂ ಮೇಲೆ ಏರಿಸುವಷ್ಟು ಬಲವುಂಟು! ಆದರೆ ಬಾಯಿ ಸರಿಯಾಗಿ ಕೂಡದಿದ್ದರೆ, ತೂತುಬಿದ್ದ ಕೊಳವೆಯಿಂದ ಹೀರಿದಂತೆ, ಈ ಬಲವೆಲ್ಲ ವ್ಯರ್ಥ. ಕೂಸು ತೊಟ್ಟಿನ ತುದಿಯನ್ನು ಮಾತ್ರ ಕಚ್ಚಿಕೊಂಡರೆ ತಾಯಿಗೆ ನೋವು, ಕೂಸಿಗೆ ಹಾಲಿಲ್ಲ, ಎದೆ ಖಾಲಿಯಾಗದು. ಹಾಲು ಸಾಲದೆಂಬ ಅನೇಕ ದೂರುಗಳಿಗೆ ಪರಿಹಾರ ಔಷಧಿಯಲ್ಲಿಲ್ಲ. ಕೂಸನ್ನು ಎದೆಗೆ ಹಿಡಿಯುವ ರೀತಿಯನ್ನು ಅನುಭವಸ್ಥೆಯೊಬ್ಬಳು ಪಕ್ಕದಲ್ಲಿ ಕುಳಿತು ತೋರಿಸಿಕೊಡುವುದರಲ್ಲಿದೆ.

ತೊರೆ ಬಿಡುವುದು

ಹಸು ಸಾಕಿದವರೆಲ್ಲ ಬಲ್ಲ ಸಂಗತಿಯೊಂದುಂಟು. ಕರುವನ್ನು ಬಿಡದೆ ಕರೆಯಲು ಕುಳಿತರೆ ಹಸು ಹಾಲನ್ನು ಬಿಗಿಹಿಡಿಯುತ್ತದೆ. ಕರು ಬಂದು ನಾಲ್ಕು ಸಲ ಗುದ್ದಿ ಚೀಪಿತೆಂದರೆ ತೊರೆ ಬಿಡುತ್ತದೆ. ಕರು ಸತ್ತುಹೋದರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದುದೂ ಇದಕ್ಕಾಗಿಯೇ. ಹೆಂಗಸರಲ್ಲಿಯೂ ಇದೇ ಏರ್ಪಾಡು. ಹಾಲಿನ ಚೀಲಗಳನ್ನು ಸುತ್ತುವರಿದ ಸೂಕ್ಷ್ಮ ಸ್ನಾಯುತಂತುಗಳು ಹಿಂಡಿದಾಗ ಮಾತ್ರ ಹಾಲು ನಾಳಗಳಿಗೆ ಇಳಿಯುತ್ತದೆ. ಹಿಂಡುವಂತೆ ಹೇಳುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು. ಇದನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದ ವಿನ್ಸೆಂಟ್ ಡು ವಿನ್ಯೊ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಹಾರ್ಮೋನು ಮನಸ್ಸಿಗೆ ಬಹಳ ಅಧೀನ. ಕೂಸಿನ ಅಳುವನ್ನು ಕೇಳಿದ ಮಾತ್ರಕ್ಕೆ ಅದು ಸ್ರವಿಸಿ ರವಿಕೆ ಒದ್ದೆಯಾಗುವುದುಂಟು. ಅಂಜಿಕೆ, ನೋವು, ನಾಚಿಕೆಗಳಿಂದ ಅದು ಹಿಂದೆಗೆಯುವುದೂ ಉಂಟು. ಅಮೆರಿಕದ ನೈಲ್ಸ್ ನ್ಯೂಟನ್, ಮೈಕೇಲ್ ನ್ಯೂಟನ್ ದಂಪತಿಗಳು (ಹೆಸರನ್ನು ಕಂಡು ವಾಚಕರು ಗುರುತ್ವಾಕರ್ಷಣೆಯನ್ನು ನೆನೆಯಬೇಕಾಗಿಲ್ಲ) 1948ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಕೂಸನ್ನು ಕುಡಿಯುವ ಮುನ್ನ ಮತ್ತು ಕುಡಿದ ಮೇಲೆ ತೂಗಿ ಹಾಲಿನ ಮೊತ್ತವನ್ನು ಕಂಡುಹಿಡಿದರು. ತಾಯಿ ನೆಮ್ಮದಿಯಾಗಿದ್ದ ದಿನಗಳಲ್ಲಿ ಕೂಸು ಸರಾಸರಿ 168 ಗ್ರಾಂ ಕುಡಿಯಿತು. ಅವಳ ಪಾದಗಳನ್ನು ಹಿಮದ ನೀರಿನಲ್ಲಿ ಮುಳುಗಿಸಿ, ಕಾಲ್ಬೆರಳನ್ನು ನೋಯುವಂತೆ ಎಳೆದು, ಲೆಕ್ಕಗಳನ್ನು ಕೇಳಿ ಪೀಡಿಸಿದ ದಿನಗಳಲ್ಲಿ 99 ಗ್ರಾಂ ಮಾತ್ರ. ಅಷ್ಟೇ ಪೀಡಿಸಿ, ಜೊತೆಗೆ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೊಟ್ಟಾಗ ಮತ್ತೆ 153 ಗ್ರಾಂ. ಎಂದರೆ ಹಾಲು ಎದೆಯಲ್ಲಿ ಇದ್ದೇ ಇತ್ತು, ಇಳಿಯಲು ಅಪ್ಪಣೆಯಾಗಿರಲಿಲ್ಲ. ಇದು ಒಬ್ಬಳೇ ತಾಯಿಯ ಮೇಲೆ ನಡೆದ ಪ್ರಯೋಗವೆಂಬುದನ್ನು ಮರೆಯಬಾರದು. ಆದರೆ ಅನಂತರ ರಕ್ತದಲ್ಲಿನ ಆಕ್ಸಿಟೋಸಿನ್ ಪ್ರಮಾಣವನ್ನೇ ಅಳೆದು ನೋಡಿದಾಗಲೂ ಗದ್ದಲ ಮತ್ತು ಮನಸ್ಸಿನ ಒತ್ತಡಗಳಿಂದ ಅದು ಕುಗ್ಗುವುದು ಕಂಡುಬಂದಿದೆ.

ಹೆತ್ತವಳ ಮುಂದೆ ಹತ್ತು ಮಂದಿ ಕುಳಿತು “ಹಾಲು ಸಾಕೆ?” ಎಂದು ಕೇಳುವುದು ಹಿಮದ ನೀರಿಗಿಂತ ಎಷ್ಟು ಕಡಿಮೆಯ ಪೀಡೆಯೆಂದು ಹೇಳುವುದು ಕಷ್ಟ.

ಗಿಣ್ಣುಹಾಲು

ಹಸು ಈಯ್ದ ಮನೆಯಿಂದ ಬರುವ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಸವಿಯದವರು ನಮ್ಮಲ್ಲಿ ವಿರಳ. ಗಿಣ್ಣು ಕುಡಿಯದ ಕರು ಬದುಕುವುದು ಕಷ್ಟವೆಂದೂ ರೈತನಿಗೆ ಗೊತ್ತು. ಆದರೂ ನಮ್ಮ ಅನೇಕ ಮನೆಗಳಲ್ಲಿ ತಾಯಿಯ ಗಿಣ್ಣುಹಾಲನ್ನು “ಕೆಟ್ಟ ಹಾಲು, ಕೂಸಿಗೆ ಜೀರ್ಣವಾಗದು” ಎಂದು ಹಿಂಡಿ ಚೆಲ್ಲುವ ಪದ್ಧತಿ ಬಹುಕಾಲ ನಡೆದುಬಂದಿತು; ಪೂರ್ತಿಯಾಗಿ ಹೋಗಿಲ್ಲ. ಹಾಲು ಬೆಳ್ಳಗೆ ಇಳಿಯುವವರೆಗೆ ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ತೇಯ್ದ ಬಜೆ, ಹಸುವಿನ ಹಾಲು ಇವುಗಳಲ್ಲಿ ಯಾವುದನ್ನಾದರೂ ನೆಕ್ಕಿಸುತ್ತಿದ್ದರು.

ಮೊದಲ ದಿನ ತಾಯಿಯಲ್ಲಿ ಬರುವುದು ಕೆಲವೇ ಚಮಚಗಳಷ್ಟು, ಹಳದಿಯಾದ, ಮಂದವಾದ ದ್ರವ. ಹುಟ್ಟಿದ ಕೂಸಿನ ಹೊಟ್ಟೆಯೂ ಅಷ್ಟಕ್ಕೇ ಅಳವಟ್ಟಿರುತ್ತದೆ. ಅಳತೆಯಲ್ಲಿ ಅಲ್ಪವಾದರೂ ಗುಣದಲ್ಲಿ ಇದು ಅಸಾಧಾರಣ. ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು ಇದರಲ್ಲಿ ಅತಿ ಸಾಂದ್ರವಾಗಿರುತ್ತವೆ. ಈ ಪ್ರತಿಕಾಯಗಳು ಕೂಸಿನ ಕರುಳಿನ ಒಳಮೈಗೆ ಕಾವಲು ನಿಲ್ಲುತ್ತವೆ. ಅಷ್ಟೇ ಅಲ್ಲ, ತಾಯಿಯ ಕರುಳು ಯಾವ ಯಾವ ರೋಗಾಣುಗಳನ್ನು ಎದುರಿಸಿದೆಯೋ ಅವುಗಳಿಗೆ ತಕ್ಕ ಪ್ರತಿಕಾಯಗಳೇ ಅವಳ ಹಾಲಿಗೆ ಇಳಿಯುತ್ತವೆ. ನಿಟ್ಟೂರಿನ ತಾಯಿಯ ಹಾಲಿನಲ್ಲಿರುವ ಮದ್ದು ನಿಟ್ಟೂರಿನ ನೀರು ಮಣ್ಣುಗಳ ರೋಗಾಣುಗಳಿಗೆ ಹೇಳಿಮಾಡಿಸಿದ್ದು. ಇದನ್ನು ಯಾವ ಕಾರ್ಖಾನೆಯೂ ಡಬ್ಬಿಯಲ್ಲಿ ತುಂಬಲಾರದು.

ಹುಟ್ಟಿದ ಒಂದು ಗಂಟೆಯೊಳಗಾಗಿ ಹಾಲೂಡಿಸಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ. ಆಫ್ರಿಕದ ಘಾನಾ ದೇಶದ ಹಳ್ಳಿಗಳಲ್ಲಿ ಸುಮಾರು 11,000 ಶಿಶುಗಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲ್ಲ ಶಿಶುಗಳಿಗೂ ಮೊದಲನೆಯ ಗಂಟೆಯಲ್ಲೇ ಹಾಲೂಡಿಸಿದ್ದರೆ ಮೊದಲ ತಿಂಗಳ ಸಾವುಗಳಲ್ಲಿ ನೂರಕ್ಕೆ 22ನ್ನು ತಪ್ಪಿಸಬಹುದಾಗಿತ್ತೆಂದು ಲೆಕ್ಕ ಹಾಕಿತು. ಲೋಕದಲ್ಲೆಲ್ಲ ತಾಯಂದಿರು ಸರಿಯಾಗಿ ಹಾಲೂಡಿಸುವಂತಾದರೆ ವರ್ಷಕ್ಕೆ 8,23,000 ಮಕ್ಕಳ ಜೀವ ಉಳಿಯುವುದೆಂದು 2016ರ ಮತ್ತೊಂದು ಅಂದಾಜು. ಗುಬ್ಬಿ, ತುರುವೇಕೆರೆ, ಕುಣಿಗಲು ಎಂಬ ಒಂದೊಂದು ತಾಲ್ಲೂಕಿನ ಪೂರ್ಣ ಜನಸಂಖ್ಯೆಯನ್ನು ಮನಸ್ಸಿಗೆ ತಂದುಕೊಂಡರೆ, ಈ ಅಂಕಿಯ ಭಾರ ಅರ್ಥವಾದೀತು.

ವಿಷಚಕ್ರ

ಇಷ್ಟನ್ನು ತಿಳಿದ ಮೇಲೆ ಮೊದಲಿನ ಸಮಸ್ಯೆಗೆ ಹಿಂದಿರುಗೋಣ. ಕೂಸು ಸಂಜೆ ಅಳುತ್ತದೆ. ಹಸಿವಿಗೇ ಅಳಬೇಕೆಂದಿಲ್ಲ, ಸೆಖೆಗೆ, ಒದ್ದೆಬಟ್ಟೆಗೆ, ತೋಳಿನ ಬೆಚ್ಚಗಿಗಾಗಿ, ಅಥವಾ ಹೊಟ್ಟೆಯುಬ್ಬರಕ್ಕೆ ಅಳುವುದುಂಟು. ಹಾಲು ಸಾಲದೆಂದು ನಂಬಿ ಒಂದು ಲೋಟ ಹಸುವಿನ ಹಾಲನ್ನೋ ಡಬ್ಬಿಯ ಹಾಲನ್ನೋ ಕುಡಿಸುತ್ತಾರೆ. ಅದು ನಿಧಾನವಾಗಿ ಜೀರ್ಣವಾಗುವುದರಿಂದ ಕೂಸು ದೀರ್ಘಕಾಲ ಮಲಗುತ್ತದೆ. “ನೋಡಿದಿರಾ, ಹೊಟ್ಟೆ ತುಂಬಿತು, ಮಲಗಿತು” ಎಂದು ಎಲ್ಲರಿಗೂ ಸಮಾಧಾನ. ಆದರೆ ಆ ಹೊತ್ತಿನಲ್ಲಿ ಬಾವಿಯಿಂದ ಸೇದುವವರಿಲ್ಲ. ಎದೆ ತುಂಬಿ ನಿಲ್ಲುತ್ತದೆ, ತಯಾರಿಕೆ ಇಳಿಯುತ್ತದೆ. ಮರುದಿನ ಹಾಲು ಸ್ವಲ್ಪ ಕಡಿಮೆ. ಕೂಸು ಇನ್ನಷ್ಟು ಅಳುತ್ತದೆ. ಒಂದು ಲೋಟ ಎರಡಾಗುತ್ತದೆ. ಸೀಸೆಯ ರಬ್ಬರು ತೊಟ್ಟಿಗೆ ಒಗ್ಗಿದ ಬಾಯಿ ಎದೆಯನ್ನು ಸರಿಯಾಗಿ ಹಿಡಿಯದಿರುವುದೂ ಉಂಟು. ಕೆಲವು ವಾರಗಳಲ್ಲಿ ಹಾಲು ನಿಜವಾಗಿಯೂ ಸಾಲದಾಗುತ್ತದೆ. ಆಗ ಎಲ್ಲರೂ ಹೇಳುತ್ತಾರೆ: “ನಾವು ಮೊದಲೇ ಹೇಳಿರಲಿಲ್ಲವೆ?”

ಚಕ್ರವನ್ನು ಹಿಂದಕ್ಕೆ ತಿರುಗಿಸಲೂ ಬಹುತೇಕ ಸಾಧ್ಯವೆಂಬುದು ಸಂತೋಷದ ಸಂಗತಿ. ಹಿಡಿಯುವ ರೀತಿಯನ್ನು ತಿದ್ದಿ, ಮತ್ತೆ ಮತ್ತೆ ಎದೆಗಿಟ್ಟು, ಮೇಲುಹಾಲನ್ನು ವೈದ್ಯರ ಸಲಹೆಯಂತೆ ಕ್ರಮವಾಗಿ ಇಳಿಸುತ್ತ ಬಂದರೆ ಸೆಲೆ ಮತ್ತೆ ತೆರೆಯುತ್ತದೆ.

ತಾಯಿಯ ಸುತ್ತಲಿನ ಲೋಕ

ಹಾಗಾದರೆ ತಾಯಿ ಹಾಲೂಡಿಸುವುದೂ ಬಿಡುವುದೂ ಅವಳ ಇಷ್ಟಕ್ಕೆ ಮಾತ್ರ ಸೇರಿದ್ದೆ? ಇಲ್ಲವೆಂದೇ ಹೇಳಬೇಕು. ಅವಳ ಸುತ್ತಲಿನವರು ಮಾಡುವ ಪ್ರತಿಯೊಂದು ಕೆಲಸವೂ ಮೇಲೆ ಹೇಳಿದ ಯಂತ್ರದ ಯಾವುದಾದರೊಂದು ಗುಂಡಿಯನ್ನು ಒತ್ತುತ್ತದೆ.

ಹಿಂದೆ ಹೆರಿಗೆಗಳು ಮನೆಯಲ್ಲೇ ಸೂಲಗಿತ್ತಿಯರ ಕೈಯಲ್ಲಿ ನಡೆಯುತ್ತಿದ್ದುವು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದು ಹೆರಿಗೆಗಳು ಆಸ್ಪತ್ರೆಗೆ ಬಂದಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆಸ್ಪತ್ರೆಯ ಹೆರಿಗೆಗಳು 2015–16ರಲ್ಲಿ ನೂರಕ್ಕೆ 78.9 ಇದ್ದುದು 2019–21ರಲ್ಲಿ 88.6ಕ್ಕೆ ಏರಿತು. ತಾಯಂದಿರ ಜೀವ ಉಳಿಸುವ ದೊಡ್ಡ ಸಾಧನೆಯಿದು. ಆದರೆ ಇದೇ ಅವಧಿಯಲ್ಲಿ ಒಂದು ಗಂಟೆಯೊಳಗೆ ಹಾಲುಂಡ ಶಿಶುಗಳ ಪ್ರಮಾಣ 41.6ರಿಂದ 41.8ಕ್ಕೆ ಮಾತ್ರ ಸರಿಯಿತು. ಆಸ್ಪತ್ರೆಯ ಬಾಗಿಲನ್ನು ಮುಟ್ಟಿದ ಮಾತ್ರಕ್ಕೆ ಮೊದಲ ಗಂಟೆ ಕೈಗೂಡುವುದಿಲ್ಲ. ಶಸ್ತ್ರಚಿಕಿತ್ಸೆಯ ಹೆರಿಗೆಯ ನೋವು, ಕೂಸನ್ನು ಬೇರೆ ಕೋಣೆಯಲ್ಲಿಡುವುದು, ಕೈಬಿಡುವಿಲ್ಲದ ದಾದಿಯರು, ಹೊರಗೆ ಜೇನುತುಪ್ಪ ಹಿಡಿದು ಕಾದಿರುವ ಬಂಧುಗಳು, ಇವೆಲ್ಲ ಸೇರಿ ಆ ಗಂಟೆಯನ್ನು ಕಸಿದುಕೊಳ್ಳುತ್ತವೆ. ಇದನ್ನು ಮನಗಂಡೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಂಸ್ಥೆಗಳು 1991ರಲ್ಲಿ ಶಿಶುಸ್ನೇಹಿ ಆಸ್ಪತ್ರೆಗಳ ಯೋಜನೆಯನ್ನು ಆರಂಭಿಸಿದುವು.

ಮನೆಗೆ ಬಂದ ಮೇಲೆ ಅಧಿಕಾರ ಅಜ್ಜಿಯದು. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲಿ ನಡೆಯುವುದು ಒಂದು ಭಾಗ್ಯವೆಂದೇ ಹೇಳಬೇಕು. ಬೆಚ್ಚಗಿನ ಕೋಣೆ, ಎರೆದು ಒರಸುವ ಕೈ, ಹೊತ್ತಿಗೆ ಸರಿಯಾಗಿ ಬರುವ ತಟ್ಟೆ, ಪಕ್ಕದಲ್ಲೇ ಮಲಗುವ ತಾಯಿ, ಇವೆಲ್ಲ ಆಕ್ಸಿಟೋಸಿನ್ನಿನ ಮಿತ್ರರು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿಗಳಿಂದ ಹಾಲು ಉಕ್ಕುವುದೆಂದು ಹೇಳಲಾಗದಿದ್ದರೂ, ತಾಯಿಗೆ ತಿನ್ನಲು ಸಿಗುವುದೇ ದೊಡ್ಡ ಲಾಭ. ದಿನಕ್ಕೆ 750 ಮಿಲಿಲೀಟರ್ ಹಾಲಿನಲ್ಲಿ ಸುಮಾರು 500 ಕಿಲೋಕ್ಯಾಲೊರಿ ಶಕ್ತಿಯಿರುತ್ತದೆ. ದೇಹವೆಂಬ ಯಂತ್ರದ ದಕ್ಷತೆ ನೂರಕ್ಕೆ 80 ಎಂದಿಟ್ಟುಕೊಂಡರೆ ಅದಕ್ಕಾಗಿ 625 ಖರ್ಚಾಗಬೇಕು. ಆದುದರಿಂದಲೇ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚು ಆಹಾರ ಬೇಕೆಂದು ನಮ್ಮ ಪೋಷಣ ತಜ್ಞರು ಹೇಳುವುದು. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ತುಂಬ ಉಣ್ಣಬಾರದು ಎಂಬ ಪಥ್ಯಗಳಿಗೆ ಮಾತ್ರ ಆಧಾರವಿಲ್ಲ. ಹಾಲು ಕಡಿಮೆಯಾಗುವ ಮೊದಲು ಸವೆಯುವುದು ತಾಯಿಯ ದೇಹ. ಅರೆಹೊಟ್ಟೆಯ ತಾಯಿಯೂ ಕೂಸಿಗೆ ಒಳ್ಳೆಯ ಹಾಲನ್ನೇ ಕೊಡುತ್ತಾಳೆ, ತಾನು ಕರಗುತ್ತಾಳೆ.

ಮೂರನೆಯದು ದುಡಿಮೆ. ತೋಟಕ್ಕೆ, ಹೊಲಕ್ಕೆ ಕೂಲಿ ಹೋಗುವವಳೂ ಬೆಳಗಿನ ರೈಲಿನಲ್ಲಿ ತುಮಕೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವವಳೂ ದಿನದಲ್ಲಿ ಎಂಟು ಹತ್ತು ಗಂಟೆ ಕೂಸಿನಿಂದ ದೂರ. 2017ರ ಕಾನೂನಿನ ತಿದ್ದುಪಡಿ ಹೆರಿಗೆಯ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ದಿನಗೂಲಿಯವಳಿಗೆ ಅಂತಹ ರಜೆಯ ಮಾತೇ ಇಲ್ಲ. ಇಂತಹವರು ಕೈಯಿಂದ ಹಿಂಡಿ ಶುಚಿಯಾದ ಮುಚ್ಚಳದ ಪಾತ್ರೆಯಲ್ಲಿ ಇಟ್ಟುಹೋದ ಹಾಲು ನೆರಳಿನ ತಂಪಿನಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ಅದನ್ನು ಸೀಸೆಯಲ್ಲಲ್ಲ, ನಮ್ಮ ಅಜ್ಜಿಯರ ಒಳಲೆಯಲ್ಲಿ ಕುಡಿಸುವುದು ಲೇಸು. ತೊಳೆಯಲು ಸುಲಭವಾದ ಈ ಮೂತಿಯ ಬಟ್ಟಲನ್ನು ಇಂದಿನ ಮಕ್ಕಳ ಆಸ್ಪತ್ರೆಗಳೂ ಮೆಚ್ಚಿಕೊಂಡಿವೆ.

ನಾಲ್ಕನೆಯದು ವ್ಯಾಪಾರ. ತಾಯಿಯಿಲ್ಲದ, ಅಥವಾ ತಾಯಿಯ ಹಾಲು ದೊರಕಲಾರದ ಶಿಶುಗಳಿಗೆ ಹಾಲಿನ ಪುಡಿ ಜೀವರಕ್ಷಕವೇ ಸರಿ. ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೇ ರೂಪಿಸಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೆ ಇದ್ದ ಹಾಲನ್ನು ಬಿಡಿಸಿ ಪುಡಿಯನ್ನು ಮಾರುವುದು ಬೇರೆ ಮಾತು. ಎದೆಹಾಲಿಗೆ ಬದಲಾಗಿ ಮಾರಿದ, ಸಕ್ಕರೆ ಬೆರೆಸಿದ ಗಟ್ಟಿಹಾಲಿನಿಂದ ಮಕ್ಕಳು ಸಾಯುತ್ತಿರುವುದನ್ನು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಿಂಗಪುರದಲ್ಲಿ 1939ರಲ್ಲೇ ಕೊಲೆಯೆಂದು ಕರೆದಿದ್ದರು. 1981ರಲ್ಲಿ ಇಂತಹ ಮಾರಾಟಕ್ಕೆ ಅಂತರರಾಷ್ಟ್ರೀಯ ನಿಯಮಾವಳಿಯಾಯಿತು. 1992ರಲ್ಲಿ ಭಾರತದಲ್ಲಿ ಕಾನೂನಾಯಿತು. 2003ರ ತಿದ್ದುಪಡಿಯಿಂದ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತು ನಿಷಿದ್ಧವಾಯಿತು.

ಅಳೆಯುವುದು ಹೇಗೆ?

ಹಾಲು ಸಾಕೋ ಸಾಲದೋ ಎಂಬುದನ್ನು ಅಳುವಿನಿಂದಲೂ ಎದೆಯ ಗಾತ್ರದಿಂದಲೂ ತೀರ್ಮಾನಿಸಬಾರದು. ಅಳತೆಗೋಲುಗಳು ಎರಡೇ. ಮೊದಲನೆಯದು ಒದ್ದೆಬಟ್ಟೆ: ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು, ಐದು ದಿನ ಕಳೆದ ಮೇಲೆ ಹಾಲು ಮಾತ್ರ ಕುಡಿಯುವ ಕೂಸು ದಿನಕ್ಕೆ ಆರು ಸಲವಾದರೂ ತಿಳಿಯಾದ ಮೂತ್ರ ಮಾಡಿದರೆ ಅದಕ್ಕೆ ಸಾಕಷ್ಟು ಸಿಗುತ್ತಿದೆ. ಬೇಸಗೆಯಲ್ಲಿಯೂ ಬೇರೆ ನೀರು ಬೇಕಾಗಿಲ್ಲ. ಎರಡನೆಯದು ತಕ್ಕಡಿ: ಹುಟ್ಟಿದ ಮೊದಲ ದಿನಗಳಲ್ಲಿ ಕೂಸು ಸ್ವಲ್ಪ ಇಳಿಯುವುದು ಸಹಜ, ಎರಡು ವಾರಗಳೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ಮೊದಲ ಮೂರು ತಿಂಗಳು ವಾರಕ್ಕೆ 150ರಿಂದ 200 ಗ್ರಾಂ ಏರುತ್ತಿದ್ದರೆ ಯಾರ ಮಾತಿಗೂ ಅಂಜಬೇಕಾಗಿಲ್ಲ. ಅಂಗನವಾಡಿಯ ತಕ್ಕಡಿ ಇದಕ್ಕೆ ಸಾಕು.

ಈ ಅಳತೆಗಳು ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರು, ಎದೆಯ ಗ್ರಂಥಿಗಳು ಸಾಕಷ್ಟು ಬೆಳೆಯದವರು, ಕೆಲವು ಹಾರ್ಮೋನು ರೋಗಗಳಿರುವವರು, ಇಂತಹ ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಸಾಲದು. ಅದು ಅವರ ತಪ್ಪಲ್ಲ. ಅವರ ಮಕ್ಕಳಿಗೆ ಬೇರೆ ಹಾಲನ್ನು ಶುಚಿಯಾಗಿ ಕೊಡುವುದೇ ಸರಿಯಾದ ದಾರಿ. ಮಗುವನ್ನು ಹಸಿವಿನಲ್ಲಿಟ್ಟು ನಿಯಮವನ್ನು ಪಾಲಿಸುವುದು ವಿಜ್ಞಾನವಲ್ಲ.

ಆರು ತಿಂಗಳು ತುಂಬಿದ ಮೇಲೆ ಹಾಲೊಂದೇ ಸಾಲದು. ಆಗ ನಮ್ಮ ಸೀಮೆಯ ರಾಗಿಯ ಸರಿ ಬರಲಿ. ಎದೆಹಾಲು ಎರಡು ವರ್ಷಗಳವರೆಗಾದರೂ ಜೊತೆಗಿರಲಿ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಬೀಸಿದರೆ ಸರಿ ತೆಳುವಾಗುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುವುದರಿಂದ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ದೊರೆಯುತ್ತದೆ.

ಭಾರತದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ತಾಯಿಯ ಹಾಲನ್ನು ಮಾತ್ರ ಕುಡಿಯುವವು 2015–16ರಲ್ಲಿ ನೂರಕ್ಕೆ 54.9 ಇದ್ದುವು, 2019–21ರಲ್ಲಿ 63.7 ಆದುವು. ಮನಸ್ಸು ಮಾಡಿದರೆ ಬದಲಾವಣೆ ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಅಕ್ಕನೋ ಅತ್ತಿಗೆಯೋ ಹೆರಿಗೆಗೆ ಬರುವ ಕಾಲ ಒದಗಬಹುದು. ಆಗ ಓದಿದ ಹುಡುಗ ಹುಡುಗಿಯರಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ: ಬಂದವರಿಗೆ ಹೊರಗೆ ಕಾಫಿ ಕೊಟ್ಟು ಕೂರಿಸುವುದು, ಬಾಣಂತಿಗೆ ಒಂದು ಚೆಂಬು ನೀರು ತಂದಿಡುವುದು, ರಾತ್ರಿ ಕೂಸಿನ ಬಟ್ಟೆ ಬದಲಿಸುವುದು, ತಕ್ಕಡಿಯ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವುದು, ಯಾರಾದರೂ ಹಾಲು ಸಾಲದೆಂದರೆ ಆ ಪುಸ್ತಕವನ್ನು ತೆರೆದು ತೋರಿಸುವುದು.